ಸಾಯದ ರಾಗಿ

ಮಳೆ ಬಿದ್ದ ಹನ್ನೆರಡು ಗಂಟೆಯೊಳಗೆ ಹೊಲ ಹಸಿರಾಯಿತು. ನಲವತ್ತೆಂಟು ದಿನ ಹನಿ ನೀರಿಲ್ಲದೆ ಸುರುಟಿಕೊಂಡು, ಮುಟ್ಟಿದರೆ ಪುಡಿಯಾಗುವಂತಿದ್ದ ರಾಗಿ ಪೈರು ಒಂದೊಂದೇ ಗರಿ ಬಿಚ್ಚಿ ಎದ್ದು ನಿಂತಿತು. ಬದುವಿನ ಮೇಲೆ ನಿಂತು ನೋಡುತ್ತಿದ್ದ ವಿಜ್ಞಾನಿ ಸುಮೇಧಾ ಅತ್ತುಬಿಟ್ಟಳು. ಅದು ೨೦೫೮ರ ಮಾತು, ಚಳ್ಳಕೆರೆ ಸೀಮೆಯಲ್ಲಿ.

ಬಂಡೆಗಳ ಸಂದಿಯಲ್ಲಿ ಬದುಕುವ ಒಂದು ಪುಟ್ಟ ಗಿಡದಿಂದ ಅವಳು ಆ ಗುಣವನ್ನು ಪಡೆದಿದ್ದಳು. ನೀರು ಇಂಗಿದಂತೆ ಆ ಗಿಡದ ಜೀವಕೋಶಗಳೊಳಗಿನ ಸಕ್ಕರೆ ಗಟ್ಟಿಯಾಗಿ ಗಾಜಿನಂತಾಗುತ್ತದೆ. ಒಳಗಿನ ಸೂಕ್ಷ್ಮ ರಚನೆಗಳು ಕುಸಿಯದೆ ಹಾಗೆಯೇ ಉಳಿಯುತ್ತವೆ. ಗಿಡ ಸಾಯುವುದಿಲ್ಲ, ಕಾಯುತ್ತದೆ. ಅದರ ವಂಶವಾಹಿಗಳನ್ನು ರಾಗಿಗೆ ಕೂಡಿಸಲು ಸುಮೇಧಾಗೆ ಹತ್ತೊಂಬತ್ತು ವರ್ಷ ಹಿಡಿದಿತ್ತು.

ಐದು ವರ್ಷಗಳಲ್ಲಿ ಸೀಮೆಯ ತುಂಬ ಅದೇ ರಾಗಿ. ಜನರಿಗೆ ಮುದ್ದೆಯ ಚಿಂತೆ ತಪ್ಪಿತು. ಹಾಗಿರುವಾಗ ಒಂದು ಬೆಳಗ್ಗೆ ಚಿತ್ತಯ್ಯನೆಂಬ ಕುರಿಗಾಹಿ ಸಂಶೋಧನಾ ಕೇಂದ್ರದ ಬಾಗಿಲಿಗೆ ಬಂದು ಕೂತ.

"ನಿಮ್ ರಾಗಿ ಸಾಯಾದೇ ಇಲ್ವಂತಲ್ಲವ್ವ?"

"ಇಲ್ಲ ಚಿತ್ತಯ್ಯ, ಮಲಗುತ್ತೆ ಅಷ್ಟೆ," ಎಂದಳು ಸುಮೇಧಾ ಹೆಮ್ಮೆಯಿಂದ.

"ನನ್ ಕುರಿ ಹಂಗೆ ಮಲಗಾದಿಲ್ವಲ್ಲ. ಅವುಕ್ಕೆ ದಿನಾ ಹಸಿವಾಗ್ತೈತೆ." ಅವನು ಟವೆಲಿನಿಂದ ಮುಖ ಒರೆಸಿಕೊಂಡ. "ಮೊದ್ಲು ಮಳೆ ಕೈಕೊಟ್ರೆ, ಪೈರು ಹೋತು, ಕುರಿ ಬಿಡಪ್ಪಾ ಅಂತ ಹೊಲದೋರೇ ಕರೀತಿದ್ರು. ನಮ್ ಕುರಿ ಮೇದು, ಗೊಬ್ಬರ ಹಾಕಿ ಬರಾವು. ಈಗ ಬದಿನ ಮ್ಯಾಲೆ ಕಾಲಿಟ್ರೆ ಕೋಲು ತಗಂತಾರೆ. ನೂರಾ ಎಂಬತ್ತಿದ್ವು ತಾಯಿ. ಹನ್ನೊಂದು ಉಳ್ದಾವೆ."

ಸುಮೇಧಾ ಒಳಗೆ ಹೋಗಿ ಕಡತ ತೆರೆದಳು. ಎಲೆಯ ಶಾಖ, ಬೇರಿನ ಉದ್ದ, ಕಾಳಿನ ತೂಕ ಎಲ್ಲವೂ ಅವಳ ದಾಖಲೆಗಳಲ್ಲಿದ್ದವು. ಒಣಗಿದ ಹೊಲವನ್ನು ಯಾರು ಮೇಯಿಸುತ್ತಿದ್ದರು ಎಂಬ ಬಗ್ಗೆ ಒಂದು ಸಾಲೂ ಇರಲಿಲ್ಲ.

ರೈತರ ಸಭೆಯಲ್ಲಿ ಅವಳು, ಹೊಲದ ಒಂದು ಪಟ್ಟಿಯಲ್ಲಾದರೂ ಹಳೆಯ ರಾಗಿ ಬಿತ್ತಿರೆಂದು ಕೇಳಿಕೊಂಡಳು. "ಒಣಗಿಹೋಗಾ ಪೈರು ಯಾಕ್ ಬಿತ್ತಬೇಕು ಮೇಡಂ?" ಎಂದು ಒಬ್ಬ ಹೆಂಗಸು ಕೇಳಿದಳು. ಆ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ.

ಕೊನೆಗೆ ಕೇಂದ್ರದ ಮೂರು ಎಕರೆಯಲ್ಲಿ ತಾನೇ ಹಳೆಯ ರಾಗಿ ಬಿತ್ತಿಸಿದಳು. ಆಗಸ್ಟ್‌ನಲ್ಲಿ ಮಳೆ ಹೋಯಿತು. ಗರಿಗಳ ತುದಿ ಹಳದಿಗೆ ತಿರುಗಿದಾಗ ಚಿತ್ತಯ್ಯನಿಗೆ ಹೇಳಿಕಳಿಸಿ, ಬೇಲಿಯ ಗೇಟನ್ನು ತಾನೇ ತೆಗೆದಳು. ಹನ್ನೊಂದು ಕುರಿಗಳು ತಲೆ ತಗ್ಗಿಸಿ ಮೇಯತೊಡಗಿದವು. ಚಿತ್ತಯ್ಯ ಮಾತ್ರ, ಯಾರಾದರೂ ಕೋಲು ಹಿಡಿದು ಬಂದಾರೆಂಬಂತೆ, ತುಂಬ ಹೊತ್ತು ಗೇಟಿನಾಚೆಯೇ ನಿಂತಿದ್ದ.

ಈ ಶತಮಾನದ ಇಪ್ಪತ್ತರ ದಶಕದಲ್ಲಿ, ತಾನಿನ್ನೂ ಚಿಕ್ಕವಳಿದ್ದಾಗ, ಬಸ್ಸಿನ ಕಿಟಕಿಯಿಂದ ಇಂಥದೇ ಹೊಲ ಕಂಡದ್ದು ಸುಮೇಧಾಗೆ ನೆನಪಾಯಿತು. "ಪಾಪ, ಬೆಳೆ ಹೋಯ್ತು," ಎಂದಿದ್ದಳು ಅಮ್ಮ. ಬಸ್ಸಿನಲ್ಲಿದ್ದವರೆಲ್ಲ ಒಣಗಿದ ಪೈರನ್ನು ನೋಡಿ ಮರುಗಿದ್ದರು. ಅದರೊಳಗೆ ಮೇಯುತ್ತಿದ್ದ ಕುರಿಗಳ ಮಾತನ್ನು ಯಾರೂ ಆಡಿರಲಿಲ್ಲ.