ಗಂಟಲಿನ ಪುಡಿ

"ಟಿಂಗ್!" ಎಂದಿತು ಗೇಟು. ಹಸಿರು ದೀಪ ಹತ್ತಿತು. ಪುಟ್ಟ ಹುಡುಗಿ ಸೀಟಿ ಕಬ್ಬಿಣದ ಸರಳನ್ನು ಹೊಟ್ಟೆಯಿಂದ ತಳ್ಳಿಕೊಂಡು ಗಿರ್ರನೆ ಫುಟ್‌ಬಾಲ್ ಸ್ಟೇಡಿಯಂ ಒಳಗೆ ನುಗ್ಗಿದಳು.

ಹಿಂದೆಯೇ ಮಾವ ತನ್ನ ಕಾರ್ಡ್ ಇಟ್ಟ. ಗೇಟು ಟಿಂಗ್ ಅನ್ನಲಿಲ್ಲ. ಗುರ್ ಎಂದಿತು. ದೀಪ ಕೆಂಪಾಯಿತು.

"ಒರೆಸಿ ಇಡು ಮಾವ, ಗ್ರೀಸ್ ಅಂಟಿರುತ್ತೆ," ಎಂದು ಒಳಗಿನಿಂದಲೇ ಕೂಗಿದಳು ಸೀಟಿ. ಮಾವನಿಗೆ ಪಂಕ್ಚರ್ ಅಂಗಡಿಯಲ್ಲಿ ಕೆಲಸ. ಅವನು ಮುಟ್ಟಿದ್ದೆಲ್ಲ ಅರ್ಧ ಕಪ್ಪು.

ಮಾವ ಕಾರ್ಡನ್ನು ಪ್ಯಾಂಟಿಗೆ ಒರೆಸಿ ಮತ್ತೆ ಇಟ್ಟ. ಮತ್ತೆ ಕೆಂಪು. ಹಿಂದಿದ್ದವರು ಗೊಣಗತೊಡಗಿದರು. ಗೇಟು ಕಾಯುವ ಮೀಸೆ ಅಂಕಲ್ ಹತ್ತಿರ ಬಂದರು. ಪ್ರತಿ ಮ್ಯಾಚಿಗೂ ಸೀಟಿಯ ಟೋಪಿಯನ್ನು ಮೂಗಿನವರೆಗೆ ಎಳೆಯುವುದು ಅವರ ತಮಾಷೆ. ಇವತ್ತು ಎಳೆಯಲಿಲ್ಲ.

"ನಿಂಗೆ ಲೆಟರ್ ಬರ್ಲಿಲ್ವೇನಪ್ಪ?" ಎಂದರು ಮಾವನಿಗೆ.

"ಯಾವ ಲೆಟರ್?" ಎಂದ ಮಾವ. ಯಾವ ಲೆಟರ್ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದು ನಾಲ್ಕು ದಿನದಿಂದ ಅವನ ಹಾಸಿಗೆಯ ಕೆಳಗೆ ಬಿದ್ದಿತ್ತು. ಒಡೆದು ಓದದಿದ್ದರೆ ಅದರಲ್ಲಿ ಬರೆದದ್ದು ನಡೆಯುವುದೇ ಇಲ್ಲ ಅಂತ ಅವನು ಅಂದುಕೊಂಡಿದ್ದ. ದೊಡ್ಡವರೂ ಹೀಗೆಲ್ಲ ಅಂದುಕೊಳ್ಳುತ್ತಾರೆ.

"ಹೋದ ಮ್ಯಾಚಲ್ಲಿ ಟಾಯ್ಲೆಟ್‌ನಲ್ಲಿ ಡ್ರಗ್ಸ್ ಜೊತೆ ಸಿಕ್ಕಿದವ್ರಿಗೆಲ್ಲ ಈ ಸೀಸನ್ ಪೂರ್ತಿ ಬ್ಯಾನ್. ಲಿಸ್ಟಲ್ಲಿ ನಿನ್ನ ಹೆಸರಿದೆ."

ಮಾವನ ಕಿವಿ ಕೆಂಪಾಯಿತು. "ಒಳಗಡೆ ನೀವೇ ಬಿಯರ್ ಮಾರ್ತೀರ. ಕುಡ್ದು ಬಿದ್ದವ್ರನ್ನ ನೀವೇ ಎತ್ತಿ ಸೀಟಲ್ಲಿ ಕೂರಿಸ್ತೀರ. ಅವ್ರಿಗಿಲ್ಲ ಬ್ಯಾನು! ನಾನೇನು ಯಾರಿಗಾದ್ರೂ ಹೊಡೆದ್ನಾ? ಬೈದ್ನಾ?"

"ಹೋದ ವರ್ಷ ಇಂಥದ್ದೇ ಪುಡಿ ಎಳೆದ ಒಬ್ಬ ಮೇಲಿನ ಮೆಟ್ಟಿಲಿಂದ ಹಾರಿದ. ಕೆಳಗೆ ಕೂತಿದ್ದ ಮಗು ಮೇಲೆ ಬಿದ್ದ. ಆ ಮಗೂನ ಎತ್ಕೊಂಡು ಆಂಬುಲೆನ್ಸ್‌ಗೆ ಓಡಿದ್ದು ನಾನು," ಎಂದರು ಮೀಸೆ ಅಂಕಲ್. "ಪಕ್ಕಕ್ಕೆ ಬಾ, ದಾರಿ ಬಿಡು."

ಒಳಗೆ ಡೋಲು ಶುರುವಾಗಿತ್ತು. ಸೀಟಿಯ ಕಾರ್ಡ್ ಹಸಿರೇ. ಆದರೆ ಹದಿನಾಲ್ಕು ವರ್ಷದೊಳಗಿನವರು ದೊಡ್ಡವರಿಲ್ಲದೆ ಒಳಗಿರುವಂತಿಲ್ಲ. ಬಂದ ಗೇಟಿನಲ್ಲೇ ವಾಪಸ್ ಹೋಗೋಣ ಅಂದರೆ ಅದು ಒಂದೇ ಕಡೆಗೆ ತಿರುಗುವ ಗೇಟು. ಮೀಸೆ ಅಂಕಲ್ ಅವಳ ಕೈ ಹಿಡಿದು ಪಕ್ಕದ ಕಬ್ಬಿಣದ ಬಾಗಿಲಿನಿಂದ ಹೊರಗೆ ಬಿಟ್ಟರು. ಬಾಗಿಲು ಹಾಕಿಕೊಂಡಿತು.

ಅವಳಿಗೆ ಅಳು ಬಂತು. ಬಸ್ ಸ್ಟಾಪಿನವರೆಗೂ ಬಂತು.

ಸೀಟಿ ಎನ್ನುವ ಹೆಸರಿಟ್ಟದ್ದು ಮಾವನೇ. ಎರಡು ಬೆರಳು ಬಾಯಿಗಿಟ್ಟು ಅವಳು ಸೀಟಿ ಹೊಡೆದರೆ ಪಕ್ಕದ ಸಾಲಿನವರು ಕಿವಿ ಮುಚ್ಚಿಕೊಳ್ಳುತ್ತಿದ್ದರು. ಮಾವ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು, "ನಮ್ ಸೀಟಿ! ರೆಫ್ರೀನೇ ಹೆದರ್ತಾನೆ!" ಎಂದು ಕುಣಿಯುತ್ತಿದ್ದ. ಹಾಡುತ್ತಿದ್ದ. ಗುರುತಿಲ್ಲದವರನ್ನೂ ತಬ್ಬಿಕೊಳ್ಳುತ್ತಿದ್ದ.

ಅದು ಶನಿವಾರದ ಮಾವ. ಮಿಕ್ಕ ದಿನದ ಮಾವ ಬೇರೆ. ಅವನು ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಏಳುವ ಜಾಗ ಹುಡುಕುತ್ತಾ ಗಂಟೆಗಟ್ಟಲೆ ಮಾತಿಲ್ಲದೆ ಕೂರುವ ಮನುಷ್ಯ. ಮನೆಗೆ ಬಂದರೆ ಗೋಡೆ ಕಡೆ ತಿರುಗಿ ಮಲಗುವವನು. ಸೀಟಿ ಇಡೀ ವಾರ ಶನಿವಾರಕ್ಕಾಗಿ ಕಾಯುತ್ತಿದ್ದಳು.

ಬಸ್ಸಿನಲ್ಲಿ ಅವಳನ್ನು ಇನ್ನೊಂದು ಸಂಗತಿಯೂ ಕಾಡುತ್ತಿತ್ತು. ಮಾವ ಸಿಕ್ಕಿಬಿದ್ದದ್ದು ಅವಳಿಂದ.

ಪ್ರತಿ ಮ್ಯಾಚಿಗೂ ಅವರಿಗೊಂದು ಪದ್ಧತಿ ಇತ್ತು. ಇಂಟರ್‌ವಲ್‌ಗೆ ಸ್ವಲ್ಪ ಮುಂಚೆ ಮಾವ ಟಾಯ್ಲೆಟ್ಟಿಗೆ ಹೋಗುತ್ತಿದ್ದ. ಸೀಟಿ ಹೊರಗಡೆ, ಒಡೆದ ನಲ್ಲಿಯ ಪಕ್ಕ ನಿಲ್ಲುತ್ತಿದ್ದಳು. ಕಾವಲಿನವರು ಬಂದರೆ ಮೆಲ್ಲಗೆ ಎರಡು ಸಲ ಸೀಟಿ.

"ಒಳಗೆ ಏನ್ಮಾಡ್ತೀಯ ಮಾವ?" ಎಂದು ಮೊದಲ ಸಲವೇ ಕೇಳಿದ್ದಳು.

"ಗಂಟಲಿಗೆ ಪುಡಿ ಹಾಕ್ಕೋತೀನಿ. ಕೂಗಿ ಕೂಗಿ ಗಂಟಲು ಕಟ್ಟುತ್ತಲ್ಲ, ಅದಕ್ಕೆ."

"ಮತ್ತೆ ಕದ್ದು ಯಾಕೆ?"

"ಬೇರೆಯವ್ರು ನೋಡಿದ್ರೆ ನಂಗೂ ಕೊಡು ಅಂತಾರೆ. ನಂಗೇ ಸಾಲಲ್ಲ."

ಸೀಟಿ ಸುಮ್ಮನೆ ನಂಬಿದವಳಲ್ಲ, ವಿಚಾರಿಸಿಯೂ ನೋಡಿದ್ದಳು. ಅಮ್ಮನಿಗೆ ಮೆಡಿಕಲ್ ಶಾಪಿನಲ್ಲಿ ಕೆಲಸ. "ಅಮ್ಮಾ, ಗಂಟಲಿಗೆ ಪುಡಿ ಇರುತ್ತಾ?" ಎಂದು ಕೇಳಿದಾಗ ಅಮ್ಮ ಬಟ್ಟೆ ಮಡಚುತ್ತಲೇ, "ಇರುತ್ತೆ. ಯಾಕೆ, ನೋವಾ? ಆ ಅನ್ನು," ಎಂದು ಬಾಯಿ ತೆರೆಸಿ ನೋಡಿದ್ದಳು. ಅಲ್ಲಿಗೆ ಮುಗಿಯಿತು. ಅಮ್ಮನೇ ಇರುತ್ತೆ ಅಂದಮೇಲೆ ಇನ್ನೇನು?

ಹೋದ ಮ್ಯಾಚಿನಲ್ಲಿ ಅವಳು ನಲ್ಲಿಯ ಪಕ್ಕ ನಿಂತಿದ್ದಾಗ ಇಡೀ ಸ್ಟೇಡಿಯಂ "ಪೆನಾಲ್ಟಿ!" ಎಂದು ಕೂಗಿತು. ಕಾಲು ನಿಲ್ಲಲಿಲ್ಲ. ಓಡಿಹೋಗಿ ಕಂಬಿಯ ಸಂದಿಯಿಂದ ನೋಡಿದಳು. ಗೋಲಾಯಿತು. ಕುಣಿದು ವಾಪಸ್ ಬರುವಷ್ಟರಲ್ಲಿ ಇಬ್ಬರು ಕಾವಲಿನವರ ನಡುವೆ ಮಾವ ತಲೆ ತಗ್ಗಿಸಿ ನಿಂತಿದ್ದ.

ಇವತ್ತು ಬಸ್ ಇಳಿದು ಮನೆಗೆ ಬಂದಾಗ ಅಮ್ಮ ಕೆಲಸಕ್ಕೂ ಹೋಗದೆ ಆ ಲೆಟರ್ ಹಿಡಿದು ಕಾಯುತ್ತಿದ್ದಳು. ಹಾಸಿಗೆ ಕೊಡವುವಾಗ ಸಿಕ್ಕಿತ್ತಂತೆ.

"ಸರಿಯಾಗೇ ಮಾಡಿದಾರೆ," ಎಂದಳು. "ಮಗೂನ ಪಕ್ಕದಲ್ಲಿ ಇಟ್ಕೊಂಡು ಇಂಥ ಕೆಲಸ ಮಾಡೋಕೆ ನಾಚಿಕೆ ಆಗ್ಬೇಕು ನಿಂಗೆ."

"ಒಂದೇ ಸಲ ಅಕ್ಕ. ಯಾರೋ ಕೊಟ್ರು, ತಗೊಂಡೆ. ನಿನ್ನಾಣೆ ಇದೇ ಮೊದಲು."

ಒಂದೇ ಸಲ? ಸೀಟಿ ಮಾವನ ಮುಖ ನೋಡಿದಳು. ಅವನು ಅವಳ ಕಡೆ ತಿರುಗಲಿಲ್ಲ.

"ಗೇಟಿನ ಮೀಸೆಯೋರೂ ಅದನ್ನೇ ಅಂದ್ರು. ಮೊದಲನೇ ಸಲ ಅಂತ ಅಪೀಲ್ ಮಾಡಿದ್ರೆ ಕಮ್ಮಿ ಮಾಡ್ತಾರಂತೆ," ಎಂದ ಮಾವ. ಮೀಸೆ ಅಂಕಲ್ ಹಾಗೇನೂ ಅಂದಿರಲಿಲ್ಲ.

ಅಪೀಲಿನ ಫಾರ್ಮು ತುಂಬಲು ಮಾವನಿಗೆ ಎರಡು ದಿನ ಬೇಕಾಯಿತು. ಕವರಿನಲ್ಲಿ ಹಾಕಿ, "ಸ್ಕೂಲಿಗೆ ಹೋಗ್ತಾ ಅಂಟಿಸಿ ಪೋಸ್ಟ್ ಡಬ್ಬಿಗೆ ಹಾಕು," ಎಂದು ಸೀಟಿಗೆ ಕೊಟ್ಟ. ಅಂಗಡಿಯಲ್ಲಿ ಟ್ಯೂಬಿಗೆ ತೇಪೆ ಅಂಟಿಸುವ ಸಲ್ಯೂಶನ್ ವಾಸನೆ ಕವರಿಗೂ ಹತ್ತಿತ್ತು.

ಅವಳು ಅಂಟಿಸಲಿಲ್ಲ. ಮೊದಲು ಕ್ಲಾಸಿನ ಕೊನೇ ಬೆಂಚಿನಲ್ಲಿ ಕೂತು, ಗಣಿತದ ಪುಸ್ತಕದಿಂದ ಒಂದು ಹಾಳೆ ಹರಿದಳು. ತನ್ನಿಂದ ಕೆಟ್ಟದ್ದನ್ನು ತಾನೇ ಸರಿಮಾಡಬೇಕಲ್ಲ! ಮುತ್ತಿನಂಥ ಅಕ್ಷರದಲ್ಲಿ ಬರೆದಳು.

"ಮಾನ್ಯ ಸಮಿತಿಯವರಿಗೆ ನಮಸ್ಕಾರಗಳು. ನಮ್ಮ ಮಾವನ ಹತ್ತಿರ ಸಿಕ್ಕಿದ್ದು ಡ್ರಗ್ಸ್ ಅಲ್ಲ, ಗಂಟಲಿನ ಪುಡಿ. ಎರಡು ವರ್ಷದಿಂದ ಪ್ರತಿ ಮ್ಯಾಚಿಗೂ ಹಾಕಿಕೊಂಡಿದ್ದಾರೆ, ಏನೂ ಆಗಿಲ್ಲ. ನನಗೆ ಗೊತ್ತು, ಯಾಕೆಂದರೆ ಟಾಯ್ಲೆಟ್ಟಿನ ಹೊರಗೆ ಒಡೆದ ನಲ್ಲಿಯ ಹತ್ತಿರ ನಿಂತು, ಯಾರಾದರೂ ಬಂದರೆ ಸೀಟಿ ಹೊಡೆಯುವುದು ನಾನೇ. ಆ ದಿನ ಪೆನಾಲ್ಟಿ ನೋಡಲು ಓಡಿದೆ. ಆದ್ದರಿಂದ ತಪ್ಪು ನನ್ನದು. ಬ್ಯಾನ್ ಮಾಡುವುದಾದರೆ ನನ್ನನ್ನು ಮಾಡಿ."

ಮಡಚಿ, ಫಾರ್ಮಿನ ಜೊತೆ ಸೇರಿಸಿ, ಎಂಜಲು ಹಚ್ಚಿ ಅಂಟಿಸಿದಳು. ಡಬ್ಬಿಯೊಳಗೆ ಕವರು ಬಿದ್ದ ಸದ್ದು ಕೇಳಿ ಅವಳಿಗೆ ಎಷ್ಟೋ ಹಗುರವಾಯಿತು.

ವಿಚಾರಣೆ ಒಂದು ಭಾನುವಾರ ಬೆಳಿಗ್ಗೆ. "ಇವ್ಳನ್ನೂ ಕರ್ಕೊಂಡ್ ಹೋಗ್ತೀನಿ ಅಕ್ಕ," ಎಂದ ಮಾವ. "ಮಗೂನ ನೋಡಿದ್ರೆ ಮನಸ್ಸು ಕರಗುತ್ತೆ."

ಗ್ಯಾಲರಿಯ ಕೆಳಗೊಂದು ಚಿಕ್ಕ ಕೋಣೆ. ಮೂಲೆಯಲ್ಲಿ ಕೆಸರು ಮೆತ್ತಿದ ಬೂಟುಗಳ ರಾಶಿ. ಮೇಜಿನ ಹಿಂದೆ ಇಬ್ಬರು. ಒಬ್ಬರು ಹಿಂದೆ ಗೋಲ್‌ಕೀಪರ್ ಆಗಿದ್ದ ಮೇಡಂ, ಒಂದು ಬೆರಳು ಸೊಟ್ಟಗಿತ್ತು. ಇನ್ನೊಬ್ಬರು ಎಲ್ಲವನ್ನೂ ಬರೆದುಕೊಳ್ಳುವ ಮುದುಕರು.

"ಇದೇ ಮೊದಲ ಸಲ ಅಂತ ಬರೆದಿದೀರ," ಎಂದರು ಮೇಡಂ.

"ಹೌದು ಮೇಡಂ. ದೇವರಾಣೆ."

ಮೇಡಂ ಗಣಿತದ ಪುಸ್ತಕದ ಹಾಳೆಯನ್ನು ಬಿಡಿಸಿದರು. ಸೀಟಿ ನೆಟ್ಟಗೆ ಕೂತಳು. ಈಗ ಓದುತ್ತಾರೆ, ಈಗ ನಗುತ್ತಾರೆ, ಎಲ್ಲ ಸರಿಹೋಗುತ್ತದೆ.

ಅವರು ಗಟ್ಟಿಯಾಗಿ ಪೂರ್ತಿ ಓದಿದರು. ಯಾರೂ ನಗಲಿಲ್ಲ. ಮುದುಕರ ಪೆನ್ನು ನಿಂತುಹೋಯಿತು. ಮಾವನ ಮುಖ ಸುಣ್ಣದ ಗೋಡೆಯಂತಾಯಿತು.

"ಅದು... ಮಗು ಮೇಡಂ," ಎಂದು ತೊದಲಿದ. "ಕತೆ ಕಟ್ಟೋದು ಅಂದ್ರೆ ಇವ್ಳಿಗೆ ತುಂಬಾ ಇಷ್ಟ. ಬಾಯಿ ಬಿಟ್ರೆ ಬರೀ ಸುಳ್ಳು. ಮನೇಲೂ ಹೀಗೇ."

ಸೀಟಿಗೆ ಕಪಾಳಕ್ಕೆ ಹೊಡೆದಂತಾಯಿತು. ಬರೀ ಸುಳ್ಳಾ?

ಮೇಡಂ ಅವಳ ಕಡೆ ಬಾಗಿದರು. "ನೀನು ಹೇಳಮ್ಮ. ಇದು ನಿಜಾನಾ, ಕಟ್ಟಿದ್ದಾ?"

ಅವಳು ಮಾವನನ್ನು ನೋಡಿದಳು. ಅವನೂ ನೋಡುತ್ತಿದ್ದ. ಕಣ್ಣಲ್ಲೇ ಬೇಡುತ್ತಿದ್ದ. ಮಾವ ಇಷ್ಟು ಹೆದರಿದ್ದನ್ನು ಅವಳು ಯಾವತ್ತೂ ನೋಡಿರಲಿಲ್ಲ. ಗಂಟಲಿನ ಪುಡಿಗೆ ಯಾರೂ ಇಷ್ಟು ಹೆದರುವುದಿಲ್ಲ. ಅದು ಅವಳಿಗೆ ಆಗಲೇ ಗೊತ್ತಾಗಿಹೋಯಿತು. ಬಹುಶಃ ಮೊದಲೂ ಸ್ವಲ್ಪ ಗೊತ್ತಿತ್ತು. ಗೊತ್ತು ಅಂತ ಒಪ್ಪಿಕೊಂಡಿದ್ದರೆ ಶನಿವಾರಗಳು ಉಳಿಯುತ್ತಿರಲಿಲ್ಲ.

"ಕಟ್ಟಿದ್ದು," ಎಂದಳು.

"ಸೀಟಿ ಹೊಡೆಯೋದೂ?"

"ಅದೂನೂ."

ಈಗ ಮಾವ ಏನಾದರೂ ಹೇಳುತ್ತಾನೆ ಅಂತ ಅವಳು ಕಾದಳು. 'ಬಿಡಿ ಮೇಡಂ, ಅವಳು ಸುಳ್ಳು ಹೇಳೋ ಹುಡುಗಿ ಅಲ್ಲ' ಅನ್ನುತ್ತಾನೆ ಅಂತ ಕಾದಳು. ಮಾವ ಉಸಿರು ಬಿಟ್ಟ. ಕುರ್ಚಿಗೆ ಒರಗಿದ. ಅಷ್ಟೇ.

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆ ನಲ್ಲಿ ಒಡೆದಿರೋದು ನಿಜ. ನಾನೇ ಹೋಗಿ ನೋಡ್ಕೊಂಡು ಬಂದೆ," ಎಂದರು ಮಾವನಿಗೆ. "ನೀವು ಒಬ್ರೇ ಏನೋ ಮಾಡ್ಕೊಂಡಿದ್ರೆ ಒಂದು ಸೀಸನ್ ಜಾಸ್ತೀನೇ ಅಂತ ನಾನೇ ವಾದ ಮಾಡ್ತಿದ್ದೆ. ಬ್ಯಾನ್ ಮಾಡಿದ್ರೆ ಚಟ ಬಿಡಲ್ಲ, ಗೊತ್ತು ನಂಗೆ. ಆದ್ರೆ ಇಷ್ಟು ಚಿಕ್ಕ ಹುಡುಗೀನ ಕಾವಲಿಗೆ ನಿಲ್ಸಿದೀರ. ಐದು ವರ್ಷ."

ಆಮೇಲೆ ಸೀಟಿಯ ಕಡೆ ತಿರುಗಿದರು. "ನಿನ್ನ ಕಾರ್ಡ್ ಹಾಗೇ ಇರುತ್ತಮ್ಮ. ಅಮ್ಮನ ಜೊತೆ ಬಾ."

ಅಮ್ಮನಿಗೆ ಶನಿವಾರವೇ ಅಂಗಡಿಯಲ್ಲಿ ಕೈ ತುಂಬಾ ಕೆಲಸ. ಸೀಟಿ ಅದನ್ನು ಹೇಳಲಿಲ್ಲ.

ಬಸ್ಸಿನಲ್ಲಿ ಮಾವ ಐದನೇ ಸ್ಟಾಪಿನಲ್ಲಿ, "ಎಲ್ಲಾ ನಿನ್ನಿಂದ," ಎಂದ. "ಯಾರು ಬರಿ ಅಂದ್ರು ನಿಂಗೆ?"

ಸೀಟಿ ಟೋಪಿಯನ್ನು ಕಣ್ಣು ಮುಚ್ಚುವಷ್ಟು ಕೆಳಗೆಳೆದುಕೊಂಡಳು.

ಸ್ವಲ್ಪ ಹೊತ್ತಾದ ಮೇಲೆ ಅವನೇ ಅವಳ ಟೋಪಿ ಸರಿಮಾಡಿದ. "ಕೋಪ ಮಾಡ್ಕೋಬೇಡ ಕಣೇ. ಏನೋ ಬಾಯಿಗೆ ಬಂತು. ಇನ್ಮೇಲೆ ಅದನ್ನ ಮುಟ್ಟಲ್ಲ. ಪ್ರಾಮಿಸ್. ಆದ್ರೆ ಕಾಗದದ ವಿಷ್ಯ ಅಮ್ಮಂಗೆ ಹೇಳ್ಬೇಡ. ನಮ್ಮಿಬ್ರಲ್ಲೇ ಇರ್ಲಿ."

ಅವಳಿಗೆ ಒಂದು ಪ್ರಶ್ನೆ ಕೇಳಬೇಕಿತ್ತು. ನಾನು ಹೊರಗೆ ನಿಲ್ಲದೆ ಇದ್ದಿದ್ದರೆ ನನ್ನನ್ನು ಮ್ಯಾಚಿಗೆ ಕರೆದುಕೊಂಡು ಹೋಗುತ್ತಿದ್ದೆಯಾ ಮಾವ? ನಾಲಿಗೆಯ ತುದಿಯವರೆಗೆ ಬಂತು. ಮಾವ ಕಿಟಕಿಯಾಚೆ ನೋಡುತ್ತಾ ಮೊಣಕಾಲು ಅಲ್ಲಾಡಿಸುತ್ತಿದ್ದ. ಅವಳು ಕೇಳಲಿಲ್ಲ. ಅವನು ಏನು ಹೇಳಿದರೂ ತಾನು ನಂಬುವುದಿಲ್ಲ ಅಂತ ಅವಳಿಗೆ ಗೊತ್ತಾಗಿತ್ತು.

ಮನೆಯಲ್ಲಿ ಅಮ್ಮ ಬಾಗಿಲಲ್ಲೇ ನಿಂತಿದ್ದಳು. "ಏನಂದ್ರು?"

"ಐದು ವರ್ಷ," ಎಂದ ಮಾವ. "ತಲೆ ಕೆಟ್ಟವ್ರು. ಬಡವ್ರು ಅಂದ್ರೆ ಅಷ್ಟೇ."

"ಒಂದೇ ಸಲಕ್ಕೆ ಐದು ವರ್ಷಾನಾ?" ಅಮ್ಮ ಮಾವನನ್ನು ನೋಡಿದಳು. ಆಮೇಲೆ ಸೀಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. "ನೀನು ಹೇಳು ಮಗಳೇ. ಏನು ನಡೀತು?"

ಅಮ್ಮನ ಹೆಗಲ ಮೇಲಿಂದ ಮಾವ ಮತ್ತೆ ಹಾಗೇ ನೋಡುತ್ತಿದ್ದ. ಕಣ್ಣಲ್ಲೇ ಬೇಡುತ್ತಿದ್ದ.

"ಒಂದೇ ಸಲ ಅಲ್ಲಮ್ಮ," ಎಂದಳು ಸೀಟಿ. "ನಾನು ಅವ್ರಿಗೆ ಕಾಗದ ಬರೆದಿದ್ದೆ, ಅದ್ರಲ್ಲಿ ಬರೆದಿದ್ದೆಲ್ಲಾ ನಿಜ."

ಹೇಳಲು ಶುರುಮಾಡಿದಳು. ಮೊದಲ ಮ್ಯಾಚಿನಿಂದ ಹೇಳಿದಳು. ಅಮ್ಮನ ಕೈ ಅವಳ ತೋಳನ್ನು ಬಿಗಿಯಾಗಿ ಹಿಡಿಯಿತು, ನೋಯುವಷ್ಟು. ಸೀಟಿ ನಿಲ್ಲಿಸಲಿಲ್ಲ.

ಮಾವ ಚಪ್ಪಲಿ ಹುಡುಕಿ ಕಾಲಿಗೆ ಹಾಕಿಕೊಂಡ. "ಅಂಗಡಿ ಕಡೆ ಹೋಗ್ಬರ್ತೀನಿ," ಎಂದ. ಉತ್ತರಕ್ಕೆ ಕಾಯದೆ ಮೆಟ್ಟಿಲಿಳಿದು ಹೋದ.

ಭಾನುವಾರ ಅಂಗಡಿಗೆ ರಜ. ಅದು ಸೀಟಿಗೂ ಗೊತ್ತಿತ್ತು, ಅಮ್ಮನಿಗೂ ಗೊತ್ತಿತ್ತು. ಇಬ್ಬರೂ ಅವನನ್ನು ಕೂಗಿ ಕರೆಯಲಿಲ್ಲ.