ನಟ್ಟು ಬಿಟ್ಟು ಸೈಲೆನ್ಸರ್ ಕದ್ದವನು

ಬೆಳಗ್ಗೆ ಹನ್ನೊಂದೂಕಾಲಕ್ಕೆ ಕೊರಿಯರ್ ಹುಡುಗಿಯೊಬ್ಬಳು ಹೆಲ್ಮೆಟ್ಟನ್ನೂ ತೆಗೆಯದೆ ಠಾಣೆಯೊಳಕ್ಕೆ ನುಗ್ಗಿದಳು.

"ಸರ್, ನನ್ನ ಬೈಕಿನ ಸೈಲೆನ್ಸರ್ ಕದ್ದಿದ್ದಾರೆ!"

ಇನ್‌ಸ್ಪೆಕ್ಟರ್ ತಲೆಯೆತ್ತಿದರು. ಇಪ್ಪತ್ತಾರು ವರ್ಷದ ಸರ್ವಿಸಿನಲ್ಲಿ ಬೈಕು ಕದ್ದವರನ್ನು ಅವರು ಬೇಕಾದಷ್ಟು ಕಂಡಿದ್ದರು. ಬೈಕನ್ನು ಅಲ್ಲೇ ಬಿಟ್ಟು ಸೈಲೆನ್ಸರ್ ಮಾತ್ರ ಹೊತ್ತೊಯ್ದ ಪುಣ್ಯಾತ್ಮ ಇವನೇ ಮೊದಲು.

"ಎಲ್ಲಿ ನಿಲ್ಸಿದ್ದೆ?"

"ಗೋಡೌನ್ ಹಿಂದ್ಗಡೆ, ಹತ್ತು ಗಂಟೆಗೆ. ಪಾರ್ಸೆಲ್ ವಿಂಗಡಿಸಿ ಬರೋಷ್ಟರಲ್ಲಿ ಮಾಯ."

"ಹೊಸದು ಹಾಕಿಸ್ಕೊಂಡ್ರೆ?"

"ಹಳೇ ಮಾಡೆಲ್ಲು, ತರ್ಸೋಕೆ ವಾರ ಬೇಕು. ನಾಲ್ಕು ಗಂಟೆಗೆ ಸಾರಿಗೆ ಆಫೀಸಲ್ಲಿ ಸದ್ದಿನ ಪರೀಕ್ಷೆ ಸರ್. ಇವತ್ತು ಪಾಸಾಗದಿದ್ರೆ ಗಾಡಿ ಸೀಜ್. ಗಾಡಿ ಇಲ್ಲಾಂದ್ರೆ ಕೆಲಸಾನೂ ಇಲ್ಲ." ಅವಳು ಪರೀಕ್ಷೆಯ ನೋಟೀಸನ್ನು ಮೇಜಿನ ಮೇಲಿಟ್ಟಳು.

ಇನ್‌ಸ್ಪೆಕ್ಟರಿಗೆ ಪಾಪ ಅನ್ನಿಸಿತು. ಎಫ್‌ಐಆರ್ ದಾಖಲಾದದ್ದು 11.30ಕ್ಕೆ.

11.50ಕ್ಕೆ ಗೋಡೌನ್ ಹಿಂದೆ ಪಂಚನಾಮೆ ಶುರುವಾಯಿತು. ಪೇದೆ ಬರೆಯುತ್ತಿದ್ದ, ಇನ್‌ಸ್ಪೆಕ್ಟರ್ ಪ್ಯಾಂಟು ಮೇಲೆಳೆದುಕೊಂಡು ಕುಕ್ಕರುಗಾಲಲ್ಲಿ ಕೂತು ಹೇಳುತ್ತಿದ್ದರು. ಬಿಚ್ಚಿದ ನಟ್ಟುಗಳನ್ನು ಕಳ್ಳ ಒಯ್ದಿರಲಿಲ್ಲ, ಬಿಸಾಡಿಯೂ ಇರಲಿಲ್ಲ. ಒಂದೊಂದನ್ನೂ ಅದರದರ ಬೋಲ್ಟಿಗೇ ಎರಡೆರಡು ಸುತ್ತು ತಿರುಗಿಸಿ ಕೂರಿಸಿದ್ದ. ಇಂಜಿನ್ನಿನ ಬಾಯಿಗೆ ಧೂಳು ಹೋಗದಂತೆ ಒಗೆದ ಬಟ್ಟೆಯ ಚೂರೊಂದನ್ನು ಕಟ್ಟಿದ್ದ.

"ಕಳ್ಳನೋ ಡಾಕ್ಟರೋ?" ಎಂದ ಪೇದೆ.

"ಬಾಯಿ ಮುಚ್ಕೊಂಡು ಬರಿ. ನೀನು ಆ ಗಾರ್ಡ್ ಬಿಚ್ಚಮ್ಮ, ಇಂಜಿನ್ ನಂಬರ್ ನೋಡ್ಬೇಕು."

ಹುಡುಗಿ ಪಾನಾ ತೆಗೆದು ಚಕಚಕನೆ ಬಿಚ್ಚಿದಳು. ಗಾರ್ಡನ್ನು ಕೆಳಗಿಟ್ಟವಳೇ, ನಟ್ಟುಗಳನ್ನು ಅವುಗಳ ಬೋಲ್ಟಿಗೇ ಎರಡೆರಡು ಸುತ್ತು ಹಾಕಿಟ್ಟಳು. ತಾನು ಮಾಡಿದ್ದೇನೆಂದು ಅವಳಿಗೇ ಗೊತ್ತಿರಲಿಲ್ಲ. ಇನ್‌ಸ್ಪೆಕ್ಟರ್ ಮೀಸೆಯಡಿ ನಕ್ಕರು.

"ಹೀಗೆ ನಟ್ಟು ವಾಪಸ್ ಹಾಕೋದು ಯಾರು ಕಲ್ಸಿದ್ದು?"

"ಅಪ್ಪ..." ಅಷ್ಟರಲ್ಲಿ ಅವಳ ಕಣ್ಣು ಸೈಲೆನ್ಸರಿನ ನಟ್ಟುಗಳ ಮೇಲೆ ಬಿತ್ತು. ಮುಖ ಕೆಂಪಾಯಿತು. "ಲೇತ್ ಶೆಡ್ಡಿದೆ ಅವರದ್ದು. ಎಂಟು ತಿಂಗಳಿಂದ ಮಾತಿಲ್ಲ ಸರ್. ಅವರು ಕೈಯಾರೆ ಮಾಡ್ಕೊಟ್ಟಿದ್ದ ಸೈಲೆನ್ಸರು. ಗತ್ತಾಗಿ ಸದ್ದು ಬರ್ಲಿ ಅಂತ ಒಳಗಿನ ಪೈಪು ಕತ್ತರಿಸಿ ಬಿಸಾಕ್ದೆ."

"ಗತ್ತು ಬಂತಾ?"

"ಸದ್ದು ಬಂತು, ಎಳೆತ ಹೋಯ್ತು. ಏರಲ್ಲಿ ಸೈಕಲ್ಲೂ ನನ್ನ ಹಿಂದಿಕ್ಕುತ್ತೆ."

"ಮತ್ತೆ ಇವತ್ತು ಪಾಸಾಗೋ ಉಪಾಯ?"

"ಪಾತ್ರೆ ತಿಕ್ಕೋ ಸ್ಟೀಲ್ ನಾರು ತುರುಕಿದ್ದೆ."

ಪೇದೆ ಪಂಚನಾಮೆಯ ಹಾಳೆಯನ್ನೇ ಮುಖಕ್ಕೆ ಅಡ್ಡ ಹಿಡಿದ.

ಗೋಡೌನಿನ ಸಾಮಾನು ಗಾಡಿಯಲ್ಲಿ ಬೈಕು ಹೇರಿಕೊಂಡು ಎಲ್ಲರೂ ಶೆಡ್ಡು ತಲುಪಿದಾಗ 1.40. ಮುದುಕ ಕಣ್ಣಿಗೆ ಕಪ್ಪು ಕನ್ನಡಕ ಹಾಕಿ ಸೈಲೆನ್ಸರಿಗೆ ಬೆಸುಗೆ ಹಾಕುತ್ತಿದ್ದ. ಪಕ್ಕದಲ್ಲಿ ಮಸಿ ಹಿಡಿದ ಸ್ಟೀಲ್ ನಾರಿನ ಗುಡ್ಡೆಯಿತ್ತು.

"ನೀವೇ ಕದ್ದದ್ದಾ ಯಜಮಾನ್ರೇ?"

"ಹೌದು ಸಾರ್. ನೋಟೀಸಿನ ಒಂದು ಪ್ರತಿ ನಮ್ಮನೆ ವಿಳಾಸಕ್ಕೂ ಬಂದಿತ್ತು. ಊಟದ ಹೊತ್ತಿಗೆ ವಾಪಸ್ ಹಾಕ್ಬಿಡೋಣ ಅಂತಿದ್ದೆ. ಈ ನಾರು ಕೀಳೋಕೇ ಒಂದು ಗಂಟೆ ಹಿಡೀತು."

"ಕೇಳಿ ತಗೋಬಹುದಿತ್ತಲ್ಲ?"

"ಕೇಳ್ಬೇಕಂದ್ರೆ ಮಾತಾಡ್ಬೇಕಲ್ಲ ಸಾರ್." ಮಗಳತ್ತ ತಿರುಗದೆಯೇ ಮುಂದುವರಿಸಿದ. "ಅವಳಿಗೆ ಹೇಳಿ, ಹೊಗೆ ಹೋಗೋ ದಾರಿ ಕಟ್ಟಿದ್ರೆ ಇಂಜಿನ್ನಿಗೆ ಉಸಿರು ಕಟ್ಟುತ್ತೆ. ಪೂರ್ತಿ ಬೋಳು ಮಾಡಿದ್ರೆ ಎಳೆತ ಹೋಗುತ್ತೆ. ಮೊದಲಿನಷ್ಟೇ ಅಗಲದ ತೂತಿನ ಪೈಪು ಹಾಕಿ, ಸುತ್ತ ಗಾಜಿನ ಉಣ್ಣೆ ಸುತ್ತಿದೀನಿ. ಕರ್ಕಶ ಸದ್ದು ಉಣ್ಣೆಯಲ್ಲಿ ಉಳಿಯುತ್ತೆ, ಹೊಗೆ ನೇರ ಹೋಗುತ್ತೆ."

"ಅವರಿಗೆ ಹೇಳಿ ಸರ್, ಗಾಜಿನ ಉಣ್ಣೆ ನಂಗೂ ಗೊತ್ತು."

"ಗೊತ್ತಿದ್ದೋಳು ನಾರು ಯಾಕೆ ತುರುಕಿದ್ಲು, ಕೇಳಿ ಸಾರ್."

ಅತ್ತ ಇತ್ತ ತಿರುಗಿ ಇನ್‌ಸ್ಪೆಕ್ಟರರ ಕತ್ತು ನೋಯತೊಡಗಿತು. ಆದರೂ ಅವರಿಗೆ ಬಹಳ ದಿನಗಳ ಮೇಲೆ ಇಷ್ಟು ಖುಷಿಯಾಗಿತ್ತು. ಬೆಸುಗೆ ಆರಿ, ಹೊಸ ವಾಷರ್ ಕೂತು, ಕೊನೆಯ ನಟ್ಟು ಬಿಗಿಯುವವರೆಗೂ ಕಾದು, ಸರಿಯಾಗಿ 2.50ಕ್ಕೆ ಆರೋಪಿಯನ್ನು ಬಂಧಿಸಿದರು. ಜೀಪಿನಲ್ಲಿ ಕೂರಲು ಹೇಳಿದರೆ ಆಸಾಮಿ ಒಪ್ಪಲಿಲ್ಲ. ಏರಿನಲ್ಲಿ ಎಳೆತ ನೋಡಬೇಕಂತೆ! ಹೀಗಾಗಿ ದೂರುದಾರಳ ಬೈಕಿನ ಹಿಂದೆಯೇ ಆರೋಪಿ ಕೂತ. ಬೈಕು ತುಂಬುದನಿಯಲ್ಲಿ ಗುನುಗುತ್ತ ಏರು ಹತ್ತಿ ಮರೆಯಾಯಿತು. ಜೀಪು ಎರಡನೇ ಗೇರಿನಲ್ಲಿ ಏದುಸಿರು ಬಿಡುತ್ತ ಹಿಂಬಾಲಿಸಿತು.

ಸಂಜೆ 4.10. ಸದ್ದಿನ ಮಿತಿ ಎಂಬತ್ತು ಡೆಸಿಬೆಲ್. ಮೀಟರು ಎಪ್ಪತ್ತೇಳು ತೋರಿಸಿತು. ಹುಡುಗಿ ಅಷ್ಟು ಜನರ ಎದುರೇ ಕುಣಿದಳು.

5.20ಕ್ಕೆ ಠಾಣೆಯಲ್ಲಿ ಆರೋಪಿಗೆ ಜಾಮೀನು ಸಿಕ್ಕಿತು. ಜಾಮೀನಿಗೆ ನಿಂತವರು ಯಾರೆಂದರೆ, ದೂರು ಕೊಟ್ಟವಳೇ. ಇನ್ನು ಉಳಿದದ್ದು ಕೃತ್ಯದ ಉದ್ದೇಶದ ಕಾಲಂ. ಇನ್‌ಸ್ಪೆಕ್ಟರ್ ಪೆನ್ನು ಹಿಡಿದು, "ಸಿಟ್ಟು ಬಂದಿತ್ತಾ, ಪೈಪು ಕತ್ತರಿಸಿದ್ದಕ್ಕೆ?" ಎಂದು ಕೇಳಿದರು.

"ಮೊದಲು ಬಂದಿತ್ತು. ಆಮೇಲೆ ಆ ದರಿದ್ರ ಸದ್ದೇ ರೂಢಿಯಾಯ್ತು ಸಾರ್. ದಿನಾ ನಾಲ್ಕು ಬೀದಿ ಆಚೆಯಿಂದ್ಲೇ ಕೇಳ್ತಿತ್ತು. ಕೆಲಸ ನಿಲ್ಸಿ ಬಾಗಿಲಿಗೆ ಬರೋಷ್ಟು ಹೊತ್ತು ಸಿಗ್ತಿತ್ತು. ಅವಳು ಹಾದುಹೋಗೋದನ್ನ ನೋಡ್ತಿದ್ದೆ." ಮುದುಕ ಅಂಗೈಯ ಮಸಿ ಉಜ್ಜಿಕೊಂಡ. "ಅವಳ ಕೆಲಸ ಹೋಗ್ಬಾರ್ದಲ್ಲ, ಅದಕ್ಕೆ ಸರಿ ಮಾಡ್ದೆ. ಇನ್ನು ಬರೋದು ಗೊತ್ತಾಗಲ್ಲ, ಅಷ್ಟೇ."

ಇನ್‌ಸ್ಪೆಕ್ಟರ್ ಕಾಲಂ ಖಾಲಿ ಬಿಟ್ಟು ಪೆನ್ನಿನ ಮುಚ್ಚಳ ಹಾಕಿದರು. ಹುಡುಗಿ ಹೆಲ್ಮೆಟ್ಟು ಕೈಯಲ್ಲಿ ಹಿಡಿದು ಎದ್ದು ನಿಂತಿದ್ದಳು. ಎಂಟು ತಿಂಗಳಲ್ಲಿ ಮೊದಲ ಸಲ ಅವಳು ನೇರ ಅಪ್ಪನಿಗೇ ಹೇಳಿದಳು:

"ಇನ್ಮೇಲೆ ಹಾದುಹೋಗಲ್ಲಪ್ಪಾ. ನಿಲ್ಲಿಸ್ತೀನಿ."