ಮೇಯರ್ ಭಾಷಣಕ್ಕೆ ರಾಗ

ಡೆಲ್ಫೀನಾ ನೆವಿಯೋನನ್ನು ಮೊದಲ ಸಲ ಮಾತಾಡಿಸಿದ್ದೇ ಜಗಳಕ್ಕೆ.

ಅವನು ಚೌಕದ ಕಾಫಿ ಬಾರಿನಲ್ಲಿ ಕೌಂಟರಿಗೆ ಒರಗಿ ನಿಂತಿದ್ದ. ಅವಳು ನೇರವಾಗಿ ಬಂದು ಅವನ ಕಪ್ಪಿನ ಪಕ್ಕ ಒಂದು ಕ್ಯಾಸೆಟ್ ಇಟ್ಟಳು.

"ಇದು ನಿಮ್ಮದಾ?"

"ನಂದೇ. ಇನ್ನೂ ಆಲ್ಬಂ ಆಗಿಲ್ಲ, ಸ್ಯಾಂಪಲ್ ಅಷ್ಟೆ. ನಿಮಗ್ಯಾರು ಕೊಟ್ರು?"

"ಕ್ಷೌರದಂಗಡೀಲಿ ಬೆಳಿಗ್ಗೆಯಿಂದ ಇದೇ ಹಾಕ್ಕೊಂಡು ಕೂತಿದಾರೆ. ಇದರ ನಾಲ್ಕನೇ ಹಾಡು ನೀವು ಬರೆದಿದ್ದಲ್ಲ."

"ಮತ್ಯಾರು ಬರೆದಿದ್ದು?"

"ನಾನು."

ನೆವಿಯೋ ಕಪ್ಪನ್ನು ಕೆಳಗಿಟ್ಟ. ಆ ಕ್ಯಾಸೆಟ್ಟಿನಲ್ಲಿದ್ದದ್ದು ಹನ್ನೊಂದು ಹಾಡು. ಆರು ಈ ಕಡೆಯ ಆಡುಮಾತಿನ ಪ್ರೇಮಗೀತೆಗಳು, ಐದು ಮೇಯರ್ ಬ್ರಂದಾನಿಯ ಗೇಲಿ. ನಾಲ್ಕನೆಯದಂತೂ ಮೇಯರ್ ಭಾಷಣಗಳಿಂದಲೇ ಎತ್ತಿದ ಸಾಲುಗಳಿಗೆ ರಾಗ ಹಾಕಿದ್ದು. ನಮ್ಮೂರ ಹೊಳೆಯ ಸೇತುವೆ ಮೂರು ಸಲ ಉದ್ಘಾಟನೆಯಾಗಿದೆ. ಸೇತುವೆ ಮಾತ್ರ ಇನ್ನೂ ಬಂದಿಲ್ಲ. ಹಾಡು ಅದರ ಮೇಲೆ.

"ಎಂಟು ವರ್ಷದಿಂದ ಮೇಯರ್ ಆಫೀಸಲ್ಲಿ ಸೆಕ್ರೆಟರಿ ನಾನು. ಅವರ ಭಾಷಣ ಎಲ್ಲಾ ನಂದೇ. ಅವರಿಗೆ ತಲೇಲಿ ಕೂದಲಿಲ್ಲ, ಕ್ಷೌರದಂಗಡಿಗೆ ಹೋಗಲ್ಲ, ಅದಕ್ಕೆ ಇನ್ನೂ ಗೊತ್ತಾಗಿಲ್ಲ. ಗೊತ್ತಾದ ದಿನ ನನ್ನ ಕೆಲಸ ಹೋಯ್ತು. ಹಾಡು ತೆಗೀರಿ."

"ಆಗಲ್ಲ ರೀ. ಇಡೀ ಆಲ್ಬಮ್ಮಿಗೆ ಅದೊಂದೇ ಚೆನ್ನಾಗಿರೋದು."

ಅವಳಿಗೆ ಒಳಗೊಳಗೇ ಖುಷಿಯಾಯಿತು. ಅದನ್ನು ಮುಚ್ಚಿಕೊಳ್ಳಲು ಹುಬ್ಬು ಗಂಟಿಕ್ಕಿದಳು.

"ಹಾಗಾದ್ರೆ ಇನ್ನೊಂದು ವಿಷಯ. ಎರಡನೇ ಹಾಡಲ್ಲಿ ಹುಡುಗಿಯನ್ನ ಒಂದು ಪದದಲ್ಲಿ ಕರೀತೀರಲ್ಲ, ಏನು ಹಾಗಂದ್ರೆ?"

"ಮುದ್ದಿನವಳು ಅಂತ. ನಮ್ಮಜ್ಜಿ ಹೇಳ್ತಿದ್ಲು."

"ನಿಮ್ಮಜ್ಜಿ ಹೊಳೆಯಾಚೆಯವರು. ಈಚೆ ಕಡೆ ಅದು ಕಾವಿಗೆ ಕೂತ ಕೋಳಿ."

ಬಾರಿನವನು ಮುಖಕ್ಕೆ ಬಟ್ಟೆ ಒತ್ತಿಕೊಂಡು ಒಳಗೆ ಹೋದ. ನೆವಿಯೋಗೆ ಹಿಂದಿನ ತಿಂಗಳ ಹಾಡಿನ ಕಛೇರಿ ನೆನಪಾಯಿತು. ಕಣ್ಣು ಮುಚ್ಚಿ ಆ ಹಾಡು ಹಾಡಿದಾಗ ಮುಂದಿನ ಸಾಲಿನ ಹೆಂಗಸರೆಲ್ಲ ಕರ್ಚೀಫಿನಲ್ಲಿ ಕಣ್ಣೊರೆಸಿಕೊಂಡಿದ್ದರು. ಅಳುತ್ತಿದ್ದಾರೆ ಎಂದು ಅವನು ಎರಡು ದಿನ ಬೀಗಿದ್ದ.

ಅಲ್ಲೇ ಒಪ್ಪಂದವಾಯಿತು. ಅವಳು ಆ ಆರು ಪ್ರೇಮಗೀತೆಗಳ ಮಾತು ತಿದ್ದಿಕೊಡುವುದು, ಅವನು ನಾಲ್ಕನೇ ಹಾಡು ತೆಗೆಯುವುದು.

ಮಂಗಳವಾರ, ಶುಕ್ರವಾರ ಮಧ್ಯಾಹ್ನ ಆಫೀಸು ಮುಚ್ಚಿದ ಮೇಲೆ ಅವಳ ಚಿಕ್ಕಮ್ಮ ಓರ್ನೆಲ್ಲಾಳ ಅಡುಗೆಮನೆಯಲ್ಲಿ ಪಾಠ. ಮೇಜಿನ ಒಂದು ತುದಿಯಲ್ಲಿ ಚಿಕ್ಕಮ್ಮ ಹಿಟ್ಟು ಲಟ್ಟಿಸುತ್ತಿದ್ದಳು, ಇನ್ನೊಂದು ತುದಿಯಲ್ಲಿ ಇವರಿಬ್ಬರು. ಡೆಲ್ಫೀನಾ ಪೆನ್ಸಿಲನ್ನು ಕೂದಲಿಗೆ ಸಿಕ್ಕಿಸಿಕೊಂಡು, ಅದೆಲ್ಲಿ ಹೋಯಿತೆಂದು ಮೇಜಿನ ಮೇಲೆಲ್ಲ ಹುಡುಕುವಳು. ಅವನು ಹೇಳುತ್ತಿರಲಿಲ್ಲ. ಹುಡುಕುವಾಗ ಅವಳು ಕೆಳತುಟಿ ಕಚ್ಚಿಕೊಳ್ಳುವುದನ್ನು ನೋಡುವುದೇ ಅವನಿಗೊಂದು ಕೆಲಸ.

"ತುಟಿ ಇನ್ನೂ ದುಂಡಗೆ ಮಾಡಿ. ಹಾಗಲ್ಲ, ಹೀಗೆ," ಎಂದು ಒಂದು ದಿನ, ಮುದ್ದಿನವಳು ಅನ್ನುವುದಕ್ಕೆ ಈಚೆ ಕಡೆಯ ಪದ ಕಲಿಸುತ್ತ, ಅವಳು ಅವನ ಗಲ್ಲವನ್ನು ಎರಡು ಬೆರಳಲ್ಲಿ ಹಿಡಿದಳು. ಅವತ್ತಿನಿಂದ ಆ ಪದ ಅವನ ಬಾಯಲ್ಲಿ ಸರಿಯಾಗಿ ಹೊರಡಲೇ ಇಲ್ಲ.

ನಾಲ್ಕನೇ ವಾರ ಚಿಕ್ಕಮ್ಮ ಲಟ್ಟಣಿಗೆ ನಿಲ್ಲಿಸಿದಳು. "ಏನೇ ಡೆಲ್ಫೀನಾ, ಇವನು ಆಗ ಮೆಟ್ಟಿಲು ಹತ್ತುವಾಗ ಆ ಪದ ಸರಿಯಾಗೇ ಹಾಡ್ಕೊಂಡು ಬಂದ್ನಲ್ಲೇ?"

ನೆವಿಯೋ ಕಿಟಕಿಯ ಕಡೆ ನೋಡಿದ. ಡೆಲ್ಫೀನಾ ಅವನ ಗಲ್ಲ ಬಿಟ್ಟಳು, ಆದರೆ ತಕ್ಷಣವೇನೂ ಅಲ್ಲ.

ಮುಂದಿನ ಶುಕ್ರವಾರ ಅವನು ಕೇಳಿಯೇಬಿಟ್ಟ. "'ಸೇತುವೆ ಎರಡು ದಡಗಳನ್ನು ಒಂದು ಮಾಡುತ್ತದೆ, ದಡ ಸಾಲದಿದ್ದರೆ ಮೂರನೆಯದನ್ನೂ ಕಟ್ಟುತ್ತೇವೆ.' ಇದನ್ನ ನಿಜವಾಗ್ಲೂ ಗಂಭೀರವಾಗಿ ಬರೆದ್ರಾ?"

ಅವಳು ಮೇಜಿನ ಮೇಲಿನ ಹಿಟ್ಟಿನಲ್ಲಿ ಬೆರಳಾಡಿಸುತ್ತ ಕೂತಳು.

"ಮೊದಲೆರಡು ವರ್ಷ ಸರಿಯಾಗೇ ಬರೆದೆ. ಯಾರೂ ಕೇಳಿಸ್ಕೊಳ್ಳಲಿಲ್ಲ. ಮೂರನೇ ವರ್ಷ ಒಂದು ತಲೆಕೆಟ್ಟ ಸಾಲು ಸೇರಿಸಿದೆ, ಯಾರಾದ್ರೂ ತಲೆ ಎತ್ತುತಾರಾ ನೋಡೋಣ ಅಂತ. ಚಪ್ಪಾಳೆ ಹೊಡೆದ್ರು. ಆಮೇಲೆ ಪ್ರತಿ ದೊಡ್ಡ ಭಾಷಣಕ್ಕೂ ಒಂದೊಂದು."

"ಗೊತ್ತು. ಭಾಷಣಕ್ಕೆಲ್ಲ ನಾನು ಡೈರಿ ಹಿಡ್ಕೊಂಡು ಬರ್ತಿದ್ದೆ. ಒಂಬತ್ತು ಸಿಕ್ಕಿದೆ."

"ಹನ್ನೊಂದಿತ್ತು." ಅವಳ ಕಿವಿ ಕೆಂಪಾಗಿತ್ತು. "ಆವತ್ತು ಬಾರಿಗೆ ಬಂದಾಗ ನಂಗೆ ಕೋಪ ಇರಲಿಲ್ಲ. ಭಯ ಆಗಿತ್ತು. ಆರು ವರ್ಷ ಆದ್ಮೇಲೆ ಒಬ್ಬ ಕೇಳಿಸ್ಕೊಂಡಿದಾನೆ ಅಂತ."

ಲಟ್ಟಣಿಗೆ ಸದ್ದು ನಿಂತಿತ್ತು. ಚಿಕ್ಕಮ್ಮ ಯಾವಾಗ ಎದ್ದು ಹೋದಳೋ ಇಬ್ಬರಿಗೂ ತಿಳಿಯಲಿಲ್ಲ.

ನೆವಿಯೋ ಮಾತು ಉಳಿಸಿಕೊಂಡ. ನಾಲ್ಕನೇ ಹಾಡು ಇಲ್ಲದೆಯೇ ಆಲ್ಬಂ ಅಚ್ಚಾಯಿತು. ಜೂನ್ ತಿಂಗಳ ಒಂದು ಭಾನುವಾರ ಸಂಜೆ, ಇನ್ನೂ ಬಿಸಿಲಿರುವಾಗಲೇ, ಚೌಕದಲ್ಲಿ ಬಿಡುಗಡೆ. ಮುಂದಿನ ಸಾಲಿನಲ್ಲಿ ಮೇಯರ್ ಬ್ರಂದಾನಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಮೊದಲ ಗೇಲಿ ಹಾಡಿಗೆ ಹೊಟ್ಟೆ ಕುಣಿಸಿ ನಕ್ಕರು. ಅದು ಪಕ್ಕದೂರಿನ ಮೇಯರ್ ಮೇಲೆ ಕಟ್ಟಿದ್ದು ಎಂಬುದರಲ್ಲಿ ಅವರಿಗೆ ಅನುಮಾನವೇ ಇರಲಿಲ್ಲ.

ಮೂರನೇ ಹಾಡು ಮುಗಿದು ಐದನೆಯದರ ಶ್ರುತಿ ಹಿಡಿಯುವಾಗ ಚೌಕದ ದೀಪದ ಕಂಬದ ಪಕ್ಕದಿಂದ ದನಿ ಬಂತು.

"ನಾಲ್ಕನೇದು ಎಲ್ಲಿ?"

ಡೆಲ್ಫೀನಾ. ಇಡೀ ಚೌಕ ತಿರುಗಿತು. ನೆವಿಯೋ ಮೈಕಿನಿಂದ ಪಕ್ಕಕ್ಕೆ ಬಾಗಿದ. "ನೀವೇ ತೆಗೀರಿ ಅಂದ್ರಲ್ಲ?"

"ಅಂದೆ. ಈಗ ಹಾಡಿ ಅಂತಿದೀನಿ."

"ನಿಮ್ಮ ಕೆಲಸ?"

"ಕೆಲಸ ನಂದು. ನಿಂಗ್ಯಾಕೆ? ಹಾಡು."

'ಹಾಡಿ' ಹೋಗಿ 'ಹಾಡು' ಆದದ್ದು ಅವನಿಗೆ ಕೇಳಿಸಿತು. ಆ ಗಡಿಬಿಡಿಯಲ್ಲಿ ಮೊದಲ ಸ್ವರವೇ ತಪ್ಪಿತು. ಮತ್ತೆ ಶುರು ಮಾಡಿದ. ಕ್ಷೌರದಂಗಡಿಯ ದಯೆಯಿಂದ ಗಂಡಸರಿಗೆಲ್ಲ ಪಲ್ಲವಿ ಬಾಯಿಪಾಠವಾಗಿತ್ತು. ಮೇಯರ್ ಕೂಡ ತಾಳ ಹಾಕುತ್ತಿದ್ದರು. ಮೂರನೇ ದಡದ ಸಾಲು ಬರುತ್ತಲೇ ಕೈ ಹಾಗೇ ನಿಂತಿತು.

ಹಾಡು ಮುಗಿದ ಮೇಲೆ ಅವರು ಎದ್ದು ಕಂಬದ ಹತ್ತಿರ ಬಂದರು. "ಡೆಲ್ಫೀನಾ, ಈ ಹುಚ್ಚು ಮಾತೆಲ್ಲ ನನ್ನ ಬಾಯಿಗೆ ಹಾಕಿದ್ದು ನೀನಾ?"

"ಹೌದು, ಸಾಹೇಬ್ರೇ."

"ನಂಗೆ ಒಂದು ಮಾತು ಹೇಳಬಾರದಾ?"

"ಓದ್ತಾ ಇದ್ದಿದ್ದು ನೀವೇ ಅಲ್ವಾ? ಗೊತ್ತಿರುತ್ತೆ ಅಂದ್ಕೊಂಡೆ."

ಮೇಯರ್ ಬೋಳುತಲೆ ಸವರಿಕೊಂಡರು. "ನಾಳೆಯಿಂದ ನೀನು ಸ್ಮಶಾನದ ಕಚೇರಿಗೆ ಹೋಗು. ಅಲ್ಲಿ ಯಾರೂ ಭಾಷಣ ಕೇಳಲ್ಲ."

"ಇಲ್ಲೂ ಕೇಳ್ತಿರಲಿಲ್ಲ ಬಿಡಿ."

ಜನ ಚದುರಿದರು. ವೇದಿಕೆಯ ಮೇಲೆ ಕುರ್ಚಿ, ಗಿಟಾರು, ಉದ್ದದ ಮೈಕ್ ವೈರು ಮಾತ್ರ ಉಳಿದವು. ಡೆಲ್ಫೀನಾ ಹತ್ತಿ ಬಂದು ವೈರಿನ ಒಂದು ತುದಿ ಎತ್ತಿಕೊಂಡಳು. ವೇದಿಕೆಯ ಆಚೆ ಬದಿಯಲ್ಲಿ ಇನ್ನೊಂದು ತುದಿ ಅವನ ಕೈಯಲ್ಲಿತ್ತು.

"ಮುಂದಿನ ಆಲ್ಬಮ್ಮಿಗೆ ನೀವು..." ಗಂಟಲು ಸರಿಮಾಡಿಕೊಂಡ. "ನೀನು ಬರೀತೀಯಾ? ಅದಕ್ಕೊಂದೇ ಅಲ್ಲ. ದಿನಾ ಜೊತೇಲಿ ಇದ್ದು."

"ಕೆಲಸ ಕೊಡ್ತಿದೀಯೋ, ಮದುವೆ ಕೇಳ್ತಿದೀಯೋ?"

"ಎರಡೂ. ಎರಡಕ್ಕೂ ಸಂಬಳ ಇಲ್ಲ."

"ಸಂಬಳ ಸ್ಮಶಾನದಿಂದ ಬರುತ್ತೆ ಬಿಡು," ಎಂದಳು ಅವಳು. ನಗು ಆಗಲೇ ಕೆನ್ನೆಗೆ ಬಂದಿತ್ತು.

ವೈರನ್ನು ನೂಲಿನ ಹಾಗೆ ಮೊಣಕೈಗೆ ಸುತ್ತತೊಡಗಿದಳು. ಹಾಗೆ ಸುತ್ತಿದರೆ ಒಳಗಿನ ತಂತಿ ಮುರಿಯುತ್ತದೆ. ನೆವಿಯೋ ಅದನ್ನು ಹೇಳಲಿಲ್ಲ. ಇತ್ತ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡು, ಅವಳು ಒಂದೊಂದು ಸುತ್ತು ಹಾಕಿದಂತೆ ಒಂದೊಂದು ಹೆಜ್ಜೆ ಅವಳ ಕಡೆಗೆ ನಡೆದ.